ಬಾಗಿಲಿನ ಚೀಟಿ ಹೇಳುವ ಲೆಕ್ಕ

ಅಮೆರಿಕದಲ್ಲಿ ಪಿಕಪ್ ಟ್ರಕ್ಕುಗಳ ಜಾಹೀರಾತಿನಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಕಾಣುವುದು ಆ ಗಾಡಿ ಎಷ್ಟು ತೂಕ ಎಳೆಯಬಲ್ಲದು ಎಂಬ ಅಂಕಿ. ಫೋರ್ಡ್ ಕಂಪನಿಯ ಎಫ್-150ರ ಇತ್ತೀಚಿನ ಮಾದರಿಗಳಲ್ಲಿ, ತಕ್ಕ ಎಂಜಿನ್ನು ಮತ್ತು ಸಲಕರಣೆ ಆರಿಸಿಕೊಂಡರೆ, ಅದು 13,500 ಪೌಂಡ್, ಅಂದರೆ ಸುಮಾರು 6,100 ಕಿಲೊ. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವೂ ಇರುವ ಕ್ಯಾಂಪಿಂಗ್ ಟ್ರೇಲರೊಂದನ್ನು ಹಿಂದೆ ಕಟ್ಟಿಕೊಂಡು ಯೆಲ್ಲೊಸ್ಟೋನ್, ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೊರಡಬೇಕೆನ್ನುವ ಕುಟುಂಬ ಈ ಅಂಕಿಯನ್ನು ನೋಡಿ ನಿಶ್ಚಿಂತವಾಗುತ್ತದೆ. ಅಲ್ಲಿ ನೆಲೆಸಿರುವ ನಮ್ಮ ಕನ್ನಡದ ಮನೆಗಳವರೂ ಹೀಗೆ ಲೆಕ್ಕ ಹಾಕಿದರೆ ಆಶ್ಚರ್ಯವಿಲ್ಲ. ಆದರೆ ಟ್ರೇಲರ್ ಎಳೆಯಲೆಂದು ಪಿಕಪ್ ಕೊಳ್ಳುವವರು ಮೊದಲು ನೋಡಬೇಕಾದ ಅಂಕಿ ಬೇರೊಂದಿದೆ. ಚಾಲಕನ ಬಾಗಿಲು ತೆರೆದರೆ ಅದರ ಅಂಚಿನ ಕಂಬದ ಮೇಲೆ ಅಂಗೈಯಗಲದ ಒಂದು ಚೀಟಿ ಅಂಟಿಸಿರುತ್ತಾರೆ. ಟೈರುಗಳಿಗೆ ಎಷ್ಟು ಗಾಳಿ ತುಂಬಬೇಕು ಎಂಬ ವಿವರದ ಜೊತೆಗೆ, ಗಾಡಿಯಲ್ಲಿ ಕೂರುವ ಜನ ಮತ್ತು ಸಾಮಾನಿನ ತೂಕ ಒಟ್ಟು ಇಷ್ಟು ಕಿಲೊ ಮೀರಕೂಡದು ಎಂಬ ಒಂದು ಸಾಲು ಅದರಲ್ಲಿರುತ್ತದೆ. ಹಾಫ್-ಟನ್ ಸಾಕೋ, ಹೆವಿ ಡ್ಯೂಟಿಯೇ ಬೇಕೋ ಎಂಬ ಪ್ರಶ್ನೆಗೆ ಬಹುಪಾಲು ಸಂದರ್ಭಗಳಲ್ಲಿ ಉತ್ತರ ಕೊಡುವುದು ಆ ಸಾಲೇ ಎಂಬುದು ನನ್ನ ವಾದ.

ನಮ್ಮ ಊರುಗಳಲ್ಲಿ ಪಿಕಪ್ ಎಂದರೆ ತರಕಾರಿ, ಹಾಲಿನ ಕ್ಯಾನು, ಸಿಮೆಂಟು ಮೂಟೆ ಸಾಗಿಸುವ ಬಾಡಿಗೆ ಗಾಡಿ. ಅಮೆರಿಕದಲ್ಲಿ ಅದು ಮನೆಮಂದಿಯೆಲ್ಲ ಓಡಾಡುವ ವಾಹನವೂ ಹೌದು. ಫೋರ್ಡ್‌ನ ಎಫ್ ಸರಣಿ 1977ರಿಂದ ಅಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್. ಹಾಫ್-ಟನ್, ಮುಕ್ಕಾಲು ಟನ್, ಒಂದು ಟನ್ ಎಂಬ ವಿಂಗಡಣೆ ಹಳೆಯದು. ಗಾಡಿ ಎಷ್ಟು ಹೊರಬಲ್ಲದು ಎಂಬುದರ ಮೇಲೆ ಒಂದು ಕಾಲಕ್ಕೆ ಮಾಡಿದ ವಿಂಗಡಣೆ ಅದು. ಈಗ ಹೆಸರಷ್ಟೇ ಉಳಿದಿದೆ, ಹೊರುವ ತೂಕ ಬಹಳ ಮುಂದೆ ಹೋಗಿದೆ. ಎಫ್-150, ಷೆವ್ರೊಲೆ ಸಿಲ್ವೆರಾಡೊ 1500, ರಾಮ್ 1500, ಟೊಯೊಟಾ ಟುಂಡ್ರಾ ಇವೆಲ್ಲ ಹಾಫ್-ಟನ್ ಸಾಲಿಗೆ ಸೇರಿದವು. 250, 2500 ಎಂಬ ಅಂಕಿಯವು ಮುಕ್ಕಾಲು ಟನ್, 350, 3500 ಎಂಬವು ಒಂದು ಟನ್. ಇವೆರಡನ್ನೂ ಸೇರಿಸಿ ಹೆವಿ ಡ್ಯೂಟಿ ಎನ್ನುತ್ತಾರೆ. ಹೆಸರಿನ ಅಂಕಿಗಳ ಹಿಂದೆ ಎಂಜಿನಿಯರಿಂಗ್ ಮಾತ್ರವಲ್ಲ, ಕಾನೂನೂ ಇದೆ. 1975ರಲ್ಲಿ ಎಫ್-150 ಬಂದದ್ದೇ ಹಾಗೆ: ತುಂಬಿದ ಗಾಡಿಯ ಒಟ್ಟು ತೂಕದ ಮಿತಿ 6,000 ಪೌಂಡ್ ದಾಟಿದರೆ ಆಗಿನ ಹೊಗೆ ನಿಯಮದ ಕ್ಯಾಟಲಿಟಿಕ್ ಕನ್ವರ್ಟರಿನಿಂದ ವಿನಾಯಿತಿ ಸಿಗುತ್ತಿತ್ತು, ಹಾಗಾಗಿ ಆ ಗೆರೆಯನ್ನು ತುಸು ದಾಟುವಂತೆ ಗಾಡಿ ಕಟ್ಟಿದರು. ಹೆಸರು ನೋಡಿ ಬಲ ಅಳೆಯಲು ಹೊರಟರೆ ದಾರಿ ತಪ್ಪುವುದು ಇದರಿಂದಲೇ.

ಎಳೆಯುವ ತೂಕದ ಅಂಕಿ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಬಹಳ ಕಾಲ ಒಂದೊಂದು ಕಂಪನಿಯೂ ತನಗೆ ಬೇಕಾದಂತೆ ಪರೀಕ್ಷೆ ಮಾಡಿಕೊಂಡು ಅಂಕಿ ಪ್ರಕಟಿಸುತ್ತಿತ್ತು. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 2008ರಲ್ಲಿ ಜೆ2807 ಎಂಬ ಮಾನದಂಡ ತಂದಿತು; ಅದನ್ನು ಮೊದಲು ಒಪ್ಪಿಕೊಂಡದ್ದು ಟೊಯೊಟಾ, ತನ್ನ 2011ರ ಟುಂಡ್ರಾಗೆ. ಒಪ್ಪಿಕೊಂಡ ಕೂಡಲೇ ಆ ಗಾಡಿಯ ಅಂಕಿಗಳು ಇಳಿದವು ಎಂಬುದೇ ಹಳೆಯ ಅಂಕಿಗಳ ಬಗ್ಗೆ ಸಾಕಷ್ಟು ಹೇಳುತ್ತದೆ. ಈ ಪರೀಕ್ಷೆಗೆ ಮಾದರಿಯಾದದ್ದು ಅರಿಜೋನಾದ ಡೇವಿಸ್ ಡ್ಯಾಮ್ ಏರು. ಬುಲ್‌ಹೆಡ್ ಸಿಟಿಯಿಂದ ಮೇಲಕ್ಕೆ ಹತ್ತುವ ಸುಮಾರು 18 ಕಿಲೊಮೀಟರ್ ರಸ್ತೆ, 38 ಡಿಗ್ರಿ ಬಿಸಿಲು, ಎಸಿ ಪೂರ್ತಿ ಚಾಲೂ. ಇಷ್ಟರಲ್ಲಿ ವೇಗ ಗಂಟೆಗೆ 64 ಕಿಲೊಮೀಟರಿಗಿಂತ ಕೆಳಗೆ ಇಳಿಯಬಾರದು. ಕಠಿಣವಾದ, ಪ್ರಾಮಾಣಿಕವಾದ ಪರೀಕ್ಷೆ ಇದು. ಆದರೆ ಪರೀಕ್ಷೆಯ ಲೆಕ್ಕದಲ್ಲಿ ಗಾಡಿಯೊಳಗೆ ಇರುವವರು ಇಬ್ಬರೇ, ತಲಾ 68 ಕಿಲೊ. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲ, ತೊಟ್ಟಿಯಲ್ಲಿ ಸೈಕಲ್ಲಿಲ್ಲ, ಐಸ್ ಪೆಟ್ಟಿಗೆಯಿಲ್ಲ, ಸೌದೆಯ ಕಟ್ಟಿಲ್ಲ. ಸಂಸಾರ ಹೊರಟಾಗ ಇರುವ ಗಾಡಿಯೇ ಬೇರೆ.

ಎತ್ತಿನಗಾಡಿ ಹೂಡಿದವರಿಗೆ ಮುಂದಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ಹೇರು ಹಿಂಭಾರವಾದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತುಗಳ ಕೊರಳನ್ನು ಬಿಡುತ್ತದೆ. ಮುಂಭಾರವಾದರೆ ಕೊರಳ ಮೇಲೆ ಕೂರುತ್ತದೆ. ಟ್ರೇಲರಿನದೂ ಇದೇ ಸ್ಥಿತಿ. ಅದರ ಮುಂದಿನ ಕೊಕ್ಕೆ ಪಿಕಪ್ಪಿನ ಮೇಲೆ ಊರುವ ತೂಕವನ್ನು ಅಲ್ಲಿನವರು ಟಂಗ್ ವೇಟ್ ಎನ್ನುತ್ತಾರೆ. ಸಾಮಾನ್ಯ ಟ್ರೇಲರಿಗೆ ಈ ಮುಂಭಾರ ಅದರ ಒಟ್ಟು ತೂಕದ ಶೇ 10ರಿಂದ 15ರಷ್ಟು ಇರಲೇಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸತೊಡಗುತ್ತದೆ. ಅದು ಜೋರಾದರೆ ಎಳೆಯುವ ಗಾಡಿಯನ್ನೂ ರಸ್ತೆಯಿಂದ ಆಚೆ ಕೊಂಡೊಯ್ಯುತ್ತದೆ. ಹೀಗಾಗಿ ಮುಂಭಾರವನ್ನು ತಪ್ಪಿಸುವ ಹಾಗಿಲ್ಲ, ಪಿಕಪ್ ಅದನ್ನು ಹೊರಲೇಬೇಕು. ಬಾಗಿಲಿನ ಚೀಟಿಯಲ್ಲಿ ಬರೆದ ತೂಕದೊಳಗೆ ಜನ, ಸಾಮಾನಿನ ಜೊತೆಗೆ ಈ ಮುಂಭಾರವೂ ಅಡಗಬೇಕು. ಎಳೆಯುವುದಕ್ಕೂ ಹೊರುವುದಕ್ಕೂ ಗಂಟು ಬೀಳುವುದು ಇಲ್ಲಿ.

ಒಂದು ಲೆಕ್ಕ ಮಾಡಿ ನೋಡೋಣ. ಟ್ರೇಲರಿನ ಕಿರುಹೊತ್ತಗೆಯಲ್ಲಿ ಅದರ ತೂಕ 2,800 ಕಿಲೊ ಎಂದಿದೆ ಎನ್ನಿ. ಅದು ಖಾಲಿ ತೂಕ. 150 ಲೀಟರ್ ನೀರು, ಗ್ಯಾಸ್ ಸಿಲಿಂಡರು, ಬ್ಯಾಟರಿ, ಪಾತ್ರೆ ಪಡಗ, ಹಾಸಿಗೆ ಬಟ್ಟೆ, ದಿನಸಿ ಸೇರಿ ಹೊರಡುವ ದಿನ ಅದು 3,450ಕ್ಕೆ ಏರುವುದು ಕಷ್ಟವೇನಲ್ಲ. ಅದರ ಶೇ 13 ಎಂದರೆ 450 ಕಿಲೊ ಮುಂಭಾರ. ಕೊಕ್ಕೆಯ ಜೋಡಣೆಗೆ 40 ಕಿಲೊ. ಅಪ್ಪ, ಅಮ್ಮ, ಬೆಳೆದ ಇಬ್ಬರು ಮಕ್ಕಳು ಸೇರಿ 270. ತೊಟ್ಟಿಯಲ್ಲಿಟ್ಟ ಸಾಮಾನು 70. ಎಲ್ಲ ಕೂಡಿದರೆ 830 ಕಿಲೊ. ಈಗ ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್, ಗಾಜಿನ ಚಾವಣಿ, ಚರ್ಮದ ಸೀಟುಗಳಿರುವ ದುಬಾರಿ ಹಾಫ್-ಟನ್ನಿನ ಬಾಗಿಲು ತೆರೆಯಿರಿ: ಚೀಟಿಯಲ್ಲಿ 660 ಕಿಲೊ ಆಸುಪಾಸಿನ ಅಂಕಿ ಇರುವುದು ತೀರ ಮಾಮೂಲು. ಮಿತಿ 170 ಕಿಲೊ ಮೀರಿತು. ಅದೇ ಗಾಡಿಯ ಜಾಹೀರಾತಿನಲ್ಲಿ ಎಳೆಯುವ ಬಲ 5,000 ಕಿಲೊ ಎಂದಿದ್ದರೆ, ನಾವು ಬಳಸಿದ್ದು ಅದರ ಶೇ 70ನ್ನೂ ಮುಟ್ಟಿಲ್ಲ. ಎಂಜಿನ್ನಿಗೆ ದಣಿವಿಲ್ಲ, ಆದರೆ ಹಿಂದಿನ ಅಚ್ಚು, ಸ್ಪ್ರಿಂಗು, ಟೈರುಗಳ ಮಿತಿ ಮುಗಿದಿದೆ. ಗಮನಿಸಬೇಕಾದ ಇನ್ನೊಂದು ಸಂಗತಿ: ಸೌಕರ್ಯ ಹೆಚ್ಚಿದಷ್ಟೂ ಗಾಡಿಯ ಸ್ವಂತ ತೂಕ ಹೆಚ್ಚಿ, ಹೊರುವುದಕ್ಕೆ ಉಳಿಯುವುದು ಕಡಿಮೆಯಾಗುತ್ತದೆ. ಒಂದೇ ಹೆಸರಿನ ಎರಡು ಗಾಡಿಗಳ ಚೀಟಿಯಲ್ಲಿ ನೂರಾರು ಕಿಲೊ ವ್ಯತ್ಯಾಸ ಇರಬಹುದು, ಮತ್ತು ಅನೇಕ ವೇಳೆ ಅಗ್ಗದ ಗಾಡಿಯೇ ಹೆಚ್ಚು ಹೊರುತ್ತದೆ.

ಇದಕ್ಕೆ ಅನುಭವಸ್ಥರು ಹೇಳುವ ಮೊದಲ ಉತ್ತರ, ಭಾರ ಹಂಚುವ ಕೊಕ್ಕೆ ಹಾಕಿಸಿ, ಇಲ್ಲವೇ ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ ಕೂರಿಸಿ, ಎಲ್ಲ ಸರಿಹೋಗುತ್ತದೆ ಎಂಬುದು. ಭಾರ ಹಂಚುವ ಕೊಕ್ಕೆ ನಿಜಕ್ಕೂ ಉಪಯೋಗದ ವಸ್ತು. ಅದರ ಉಕ್ಕಿನ ಸರಳುಗಳು ಹಿಂದಿನ ಚಕ್ರಗಳ ಮೇಲೆ ಬಿದ್ದ ಭಾರದ ಒಂದು ಪಾಲನ್ನು ಮುಂದಿನ ಚಕ್ರಗಳಿಗೂ ಇನ್ನೊಂದು ಪಾಲನ್ನು ಟ್ರೇಲರಿನ ಚಕ್ರಗಳಿಗೂ ತಳ್ಳುತ್ತವೆ. ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಸಡಿಲವಾಗುವ ಅಪಾಯ ತಪ್ಪುತ್ತದೆ. ಗಾಳಿಚೀಲ ಜೋತುಬಿದ್ದ ಹಿಂಭಾಗವನ್ನು ಎತ್ತಿ ನಿಲ್ಲಿಸುತ್ತದೆ. ಆದರೆ ಇವೆರಡರಿಂದಲೂ ಚೀಟಿಯ ಅಂಕಿ ಬದಲಾಗುವುದಿಲ್ಲ. ಅಚ್ಚು, ಬ್ರೇಕು, ಟೈರು ಹಿಂದಿನವೇ ಇರುತ್ತವೆ. ನೋಡುವವರ ಕಣ್ಣಿಗೆ ಗಾಡಿ ಮಟ್ಟಸವಾಗಿ ನಿಂತಿದ್ದರೂ ಹೊತ್ತ ತೂಕ ಅಷ್ಟೇ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಕಂಪನಿಗಳು ಕೋರ್ಟು ಕಚೇರಿಗೆ ಹೆದರಿ ಮಿತಿಯನ್ನು ಬೇಕೆಂದೇ ಕಡಿಮೆ ಬರೆಯುತ್ತವೆ, ನೂರಿನ್ನೂರು ಕಿಲೊ ಮೀರಿದರೆ ಆಕಾಶ ಕಳಚಿ ಬೀಳುವುದಿಲ್ಲ ಎಂಬುದು. ಸಮತಟ್ಟಾದ ನೆಲದಲ್ಲಿ, ತಂಪು ಹೊತ್ತಿನಲ್ಲಿ, ನಿಧಾನಕ್ಕೆ ಹೋಗುವಾಗ ಈ ಮಾತು ನಿಜವೆನಿಸಬಹುದು. ಆದರೆ ಅಮೆರಿಕದ ಪಶ್ಚಿಮ ಭಾಗದ ರಸ್ತೆಗಳು ಹಾಗಿಲ್ಲ. ಕೊಲರಾಡೊದಲ್ಲಿ ಐ-70 ಹೆದ್ದಾರಿ ಸಮುದ್ರಮಟ್ಟದಿಂದ 3,400 ಮೀಟರ್ ಎತ್ತರದ ಐಸೆನ್‌ಹೋವರ್ ಸುರಂಗವನ್ನು ದಾಟುತ್ತದೆ. ಅದರ ಪಶ್ಚಿಮಕ್ಕೆ ಇಳಿಜಾರು ಶೇ 7ರವರೆಗೆ ಹೋಗುತ್ತದೆ. ಬ್ರೇಕ್ ಕೈಕೊಟ್ಟ ಲಾರಿಗಳು ನುಗ್ಗಿ ನಿಲ್ಲಲೆಂದೇ ಪಕ್ಕದಲ್ಲಿ ಜಲ್ಲಿಯ ಏರು ಮಾಡಿಟ್ಟಿದ್ದಾರೆ. ನಮ್ಮ ಲೆಕ್ಕದ ಪಿಕಪ್ಪು, ಟ್ರೇಲರು ಎರಡೂ ಸೇರಿ ಆರು ಟನ್ ದಾಟುತ್ತವೆ. ಶೇ 7ರ ಇಳಿಜಾರಿನಲ್ಲಿ 400 ಕಿಲೊಗೂ ಮೀರಿದ ಬಲ ಬೆನ್ನಿಗೆ ಬಿದ್ದು ನೂಕುತ್ತಲೇ ಇರುತ್ತದೆ. ಅದನ್ನೆಲ್ಲ ಬ್ರೇಕ್ ಒತ್ತಿಯೇ ತಡೆಯುತ್ತೇನೆಂದು ಹೊರಟರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹಾಫ್-ಟನ್ನಿನ ಟೈರುಗಳು ಸಾಮಾನ್ಯವಾಗಿ 35 ಪಿಎಸ್‌ಐ ಗಾಳಿಯ ಕಾರಿನ ಜಾತಿಯವು. ಹೆವಿ ಡ್ಯೂಟಿಯವು 80 ಪಿಎಸ್‌ಐವರೆಗೆ ತುಂಬಬಲ್ಲ ಟ್ರಕ್ಕಿನ ಜಾತಿಯವು. ಡೀಸೆಲ್ ಹೆವಿ ಡ್ಯೂಟಿಗಳಲ್ಲಿ ಹೊಗೆಯ ದಾರಿಯನ್ನೇ ಬಿಗಿದು ಎಂಜಿನ್ನಿನಿಂದ ವೇಗ ತಡೆಯುವ ಎಕ್ಸಾಸ್ಟ್ ಬ್ರೇಕ್ ಇರುತ್ತದೆ. ಮಿತಿಯಲ್ಲಿ ಉಳಿಸಿದ ಅಂತರ ಇಂಥ ಹತ್ತು ನಿಮಿಷಗಳಿಗಾಗಿ ಇರುವುದು. ಅದನ್ನು ಹೊರಡುವಾಗಲೇ ಸಾಮಾನಿನಿಂದ ತುಂಬಿಬಿಟ್ಟರೆ ಬೇಕಾದಾಗ ಏನೂ ಉಳಿದಿರುವುದಿಲ್ಲ.

ಹಾಗಾದರೆ ಎಲ್ಲರೂ ಹೆವಿ ಡ್ಯೂಟಿಯನ್ನೇ ಕೊಂಡುಬಿಡಲಿ, ಬಲ ಹೆಚ್ಚಿದ್ದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ನಷ್ಟ ಇದೆ. ವರ್ಷದಲ್ಲಿ ಕೆಲವೇ ವಾರ ಟ್ರೇಲರ್ ಕಟ್ಟುವ ಮನೆಯಲ್ಲಿ ಉಳಿದ ದಿನಗಳೆಲ್ಲ ಆ ಗಾಡಿ ಆಫೀಸು, ಶಾಲೆ, ಅಂಗಡಿಗೆ ಖಾಲಿಯೇ ಓಡುತ್ತದೆ. ಭಾರಕ್ಕೆಂದು ಮಾಡಿದ ಬಿರುಸು ಸ್ಪ್ರಿಂಗು ಖಾಲಿ ಇದ್ದಾಗ ಕುಲುಕುತ್ತದೆ. ಉದ್ದ, ಎತ್ತರ ಎರಡೂ ಹೆಚ್ಚಾದ್ದರಿಂದ ಗ್ಯಾರೇಜಿನಲ್ಲಿ, ಪಾರ್ಕಿಂಗ್ ಕಟ್ಟಡಗಳಲ್ಲಿ ತೊಡಕು. ಬೆಲೆ ಹೆಚ್ಚು, ಡೀಸೆಲ್ ಎಂಜಿನ್ ಬೇಕೆಂದರೆ ಇನ್ನೂ ಸಾವಿರಾರು ಡಾಲರ್ ಹೆಚ್ಚು. 8,500 ಪೌಂಡ್ ಮಿತಿ ಮೀರಿದ ಪಿಕಪ್‌ಗಳ ಕಿಟಕಿಯ ಮೇಲೆ ಸರ್ಕಾರದ ಮೈಲೇಜ್ ಚೀಟಿಯೂ ಇರುವುದಿಲ್ಲ, ಹಾಗಾಗಿ ಇಂಧನದ ಖರ್ಚನ್ನು ಹೋಲಿಸಿ ನೋಡುವುದೂ ಕಷ್ಟ. ಇಂದಿನ ಡೀಸೆಲ್ ಎಂಜಿನ್ನಿಗೆ ಸಣ್ಣ ಓಡಾಟ ಒಗ್ಗುವುದಿಲ್ಲ. ಮಸಿ ಹಿಡಿಯುವ ಶೋಧಕ ತನ್ನನ್ನು ತಾನೇ ಸುಟ್ಟು ಚೊಕ್ಕಟ ಮಾಡಿಕೊಳ್ಳಲು ಎಂಜಿನ್ ಬಿಸಿಯೇರಿ ಸಾಕಷ್ಟು ಹೊತ್ತು ಓಡಬೇಕು. ದಿನಾ ಎರಡು ಮೈಲಿ ಓಡುವ ಗಾಡಿಯಲ್ಲಿ ಅದು ಕಟ್ಟಿಕೊಂಡು ರಿಪೇರಿಗೆ ದಾರಿಯಾಗುತ್ತದೆ.

ಇನ್ನೂ ದೊಡ್ಡ ವಿಷಯ, ಹೆವಿ ಡ್ಯೂಟಿ ಎಂಬ ಹೆಸರೊಂದೇ ಭಾರದ ಸಮಸ್ಯೆಯನ್ನು ಬಗೆಹರಿಸುವುದಿಲ್ಲ. ಹಲವು ಮುಕ್ಕಾಲು ಟನ್ ಪಿಕಪ್ಪುಗಳ ಒಟ್ಟು ತೂಕದ ಮಿತಿಯನ್ನು 10,000 ಪೌಂಡ್, ಅಂದರೆ 4,536 ಕಿಲೊ ಎಂದು ಇಟ್ಟಿರುತ್ತಾರೆ, ಏಕೆಂದರೆ ಅದನ್ನು ದಾಟಿದರೆ ವಾಹನದ ವರ್ಗವೇ ಬದಲಾಗುತ್ತದೆ. ನಾಲ್ಕು ಬಾಗಿಲಿನ, ಫೋರ್ ವೀಲ್ ಡ್ರೈವ್, ಡೀಸೆಲ್ ಗಾಡಿಯ ಸ್ವಂತ ತೂಕವೇ 3,500 ಕಿಲೊ ಸುತ್ತಮುತ್ತ. ಹೊರಲು ಉಳಿದದ್ದು ಸಾವಿರ ಕಿಲೊ. ಅದೇ ಗಾಡಿಗೆ ಪೆಟ್ರೋಲ್ ಎಂಜಿನ್ ಆರಿಸಿಕೊಂಡರೆ ಎಂಜಿನ್ ಹಗುರವಾದಷ್ಟು ಹೊರುವ ಬಲ ಹೆಚ್ಚು. ತೊಟ್ಟಿಯ ನಡುವೆಯೇ ಕೂರುವ ಫಿಫ್ತ್ ವೀಲ್ ಎಂಬ ದೊಡ್ಡ ಟ್ರೇಲರುಗಳ ಮುಂಭಾರ ಶೇ 15ರಿಂದ 25. ಅಂಥದೊಂದು 5,400 ಕಿಲೊ ತೂಗಿದರೆ ಶೇ 20ರಂತೆ 1,080 ಕಿಲೊ ಮುಂಭಾರ. ಮುಕ್ಕಾಲು ಟನ್ ಡೀಸೆಲ್ ಗಾಡಿ ಮನೆಯವರು ಹತ್ತುವ ಮೊದಲೇ ಮಿತಿ ದಾಟಿಬಿಟ್ಟಿತು. ಅಲ್ಲಿ ಒಂದು ಟನ್ನೇ ಬೇಕು. ಬಲಕ್ಕೆಂದು ಡೀಸೆಲ್ ಕೊಂಡು, ಆ ಡೀಸೆಲ್ಲಿನ ತೂಕದಿಂದಲೇ ಹೊರುವ ಶಕ್ತಿ ಕಳೆದುಕೊಳ್ಳುವುದು ಜಾಹೀರಾತಿನ ಅಂಕಿ ನೋಡಿ ಕೊಳ್ಳುವುದರ ನೇರ ಫಲ.

ಈ ಲೆಕ್ಕಗಳಿಂದ ನಾನು ತಲುಪಿದ ತೀರ್ಮಾನ ಇದು. ತುಂಬಿದ ಟ್ರೇಲರ್ 2,700 ಕಿಲೊ ಒಳಗಿದ್ದು, ಚೀಟಿಯಲ್ಲಿ 800 ಕಿಲೊ ಇರುವ ಹಾಫ್-ಟನ್ ಸಿಕ್ಕರೆ ನಾಲ್ಕು ಜನರ ಸಂಸಾರಕ್ಕೆ ಅದು ಸಾಕು. ಹೆವಿ ಡ್ಯೂಟಿಗೆ ಸುರಿಯುವ ದುಡ್ಡು ಅನಗತ್ಯ. 2,700ರಿಂದ 3,600ರ ನಡುವೆ ಯಾವ ಹಾಫ್-ಟನ್ ಎಂಬುದೇ ಮುಖ್ಯ, ದುಬಾರಿ ಸೌಕರ್ಯದವು ಅಲ್ಲಿ ಬಹುತೇಕ ಸೋಲುತ್ತವೆ. ಅದಕ್ಕೂ ಮೇಲೆ ಹೋದರೆ ಹೆವಿ ಡ್ಯೂಟಿಗೇ ಹೋಗಬೇಕು, ಅದರಲ್ಲೂ ಡೀಸೆಲ್ಲಿಗಿಂತ ಮೊದಲು ಪೆಟ್ರೋಲಿನದನ್ನು ನೋಡಬೇಕು; ಪರ್ವತದ ದಾರಿಯಲ್ಲಿ ಪದೇ ಪದೇ ಓಡಾಡುವವರಿಗೆ ಮಾತ್ರ ಡೀಸೆಲ್ಲಿನ ಬೆಲೆ ಹುಟ್ಟುತ್ತದೆ.

ಅಮೆರಿಕದಲ್ಲಿರುವ ಓದುಗರಾಗಲಿ, ಅಲ್ಲಿರುವ ಮಕ್ಕಳು ಮೊಮ್ಮಕ್ಕಳಿಗೆ ಈ ಮಾತು ಮುಟ್ಟಿಸುವ ಹಿರಿಯರಾಗಲಿ ಗಮನಿಸಬೇಕಾದದ್ದು ಮೂರು. ಟ್ರೇಲರನ್ನು ಮೊದಲು ಗೊತ್ತುಮಾಡಿ, ಪಿಕಪ್ಪನ್ನು ಆಮೇಲೆ. ಸಹಿ ಹಾಕುವ ಮೊದಲು ನೀವು ಕೊಳ್ಳಲಿರುವ ಅದೇ ಗಾಡಿಯ ಬಾಗಿಲು ತೆಗೆದು ಚೀಟಿ ಓದಿ. ಕೊಂಡ ಮೇಲೆ, ನೀರು ತುಂಬಿ, ಸಾಮಾನು ಹೇರಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೆದ್ದಾರಿ ಬದಿಯ ಟ್ರಕ್ ಸ್ಟಾಪಿಗೆ ಹೋಗಿ. ಅಯೋವಾ ರಾಜ್ಯದಲ್ಲಿ 1977ರಲ್ಲಿ ಆರಂಭವಾದ ಕ್ಯಾಟ್ ಸ್ಕೇಲ್ ಕಂಪನಿಯ ವೇಬ್ರಿಜ್ಜುಗಳು ಇಂಥ ಜಾಗಗಳಲ್ಲಿ ಬಹಳ ಇವೆ. ಮುಂದಿನ ಚಕ್ರ ಒಂದು ಹಾಸಿನ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ, ಟ್ರೇಲರಿನ ಚಕ್ರಗಳು ಮೂರನೆಯದರ ಮೇಲೆ ನಿಲ್ಲುವಂತೆ ನಿಲ್ಲಿಸಿದರೆ ಮೂರರ ತೂಕವನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕಿ ಕೊಡುತ್ತಾರೆ. ಖರ್ಚು ಕೆಲವೇ ಡಾಲರ್. ಹಿಂದಿನ ಅಚ್ಚಿನ ಅಂಕಿ ಮಿತಿ ಮೀರಿದ್ದರೆ ಅಲ್ಲಿಂದಲೇ ಮನೆಗೆ ವಾಪಸಾಗಿ ಸಾಮಾನು ಇಳಿಸಿ.