ಟ್ರಾಕ್ಟರಿನ ವಿದ್ಯುತ್ ತಂತಿಗಳ ದೋಷಗಳು: ಅವುಗಳ ಪತ್ತೆ ಮತ್ತು ದುರಸ್ತಿ

ಮುಂಗಾರು ಮಳೆ ಹದವಾಗಿ ಬಿದ್ದ ಮಾರನೆಯ ಬೆಳಗ್ಗೆ, ಕೀಲಿಯನ್ನು ತಿರುಗಿಸಿದೊಡನೆ ಟ್ರಾಕ್ಟರು “ಟಕ್” ಎಂದು ಒಂದು ಶಬ್ದವನ್ನು ಮಾಡಿ ಸುಮ್ಮನಾದರೆ, ಒಡೆಯನಿಗಾಗುವ ನಷ್ಟವು ಅಲ್ಪವಾದುದಲ್ಲ. ಪಟ್ಟಣದಿಂದ ಮೆಕ್ಯಾನಿಕ್ಕನನ್ನು ಕರೆತರುವಷ್ಟರಲ್ಲಿ ನೆಲದ ಹದವು ಆರಿಹೋಗುವುದು. ಇಂತಹ ಸಂದರ್ಭದಲ್ಲಿ ಅನೇಕರು ಮೊದಲು ಮಾಡುವ ಕೆಲಸವೆಂದರೆ ಹೊಸ ಬ್ಯಾಟರಿಯನ್ನು ಕೊಂಡು ತರುವುದು. ದೋಷವು ತಂತಿಯ ಕೂಡಿಕೆಯಲ್ಲಿದ್ದರೆ ಹೊಸ ಬ್ಯಾಟರಿಯೂ ಹಳೆಯದರಂತೆಯೇ ಸುಮ್ಮನಿರುವುದು. ಹಣವು ಮಾತ್ರ ವ್ಯಯವಾಗಿರುವುದು. ಆದುದರಿಂದ ದೋಷವನ್ನು ಊಹೆಯಿಂದಲ್ಲದೆ ಕ್ರಮವಾಗಿ ಹುಡುಕುವ ಬಗೆಯನ್ನು ಜಮೀನುದಾರರೂ ಅವರ ಚಾಲಕರೂ ತಿಳಿದಿರುವುದು ಲೇಸು.

ಟ್ರಾಕ್ಟರುಗಳಲ್ಲಿ ಸಾಮಾನ್ಯವಾಗಿ ೧೨ ವೋಲ್ಟಿನ ಬ್ಯಾಟರಿಯಿರುತ್ತದೆ. ಅದರ ಧನಧ್ರುವದಿಂದ ಹೊರಟ ಪ್ರವಾಹವು ದಪ್ಪನಾದ ಕೇಬಲಿನಲ್ಲಿ ಸ್ಟಾರ್ಟರ್ ಮೋಟಾರನ್ನು ಸೇರಿ, ಅಲ್ಲಿಂದ ಇಂಜಿನಿನ ಕಬ್ಬಿಣದ ಮೈಯನ್ನೇ ದಾರಿಯನ್ನಾಗಿ ಮಾಡಿಕೊಂಡು ಋಣಧ್ರುವಕ್ಕೆ ಹಿಂದಿರುಗುವುದು. ಈ ಹಿಂದಿರುಗುವ ದಾರಿಗೆ ಅರ್ತ್ ಎಂದು ಹೆಸರು. ಜನರು ಹೋಗುವ ದಾರಿಯನ್ನು ನೋಡುವರು. ಬರುವ ದಾರಿಯನ್ನು ಮರೆಯುವರು. ಆಯುಧಪೂಜೆಗೆಂದು ಯಂತ್ರಕ್ಕೆಲ್ಲ ಹೊಸ ಬಣ್ಣವನ್ನು ಬಳಿಸುವಾಗ, ಅರ್ತ್ ಕೇಬಲನ್ನು ಬಿಚ್ಚಿ ಅದು ಕೂರುವ ಜಾಗಕ್ಕೂ ಬಣ್ಣವನ್ನು ಮೆತ್ತಿ ಮತ್ತೆ ಬಿಗಿಯುವವರುಂಟು. ನೋಡಲು ಅಂದವೇ ಸರಿ; ಆದರೆ ಬಣ್ಣದಲ್ಲಿ ವಿದ್ಯುತ್ತು ಹರಿಯುವುದಿಲ್ಲ.

“ದೀಪಗಳು ಚೆನ್ನಾಗಿ ಉರಿಯುತ್ತಿವೆ, ಆದುದರಿಂದ ತಂತಿಗಳೆಲ್ಲ ಸರಿಯಾಗಿವೆ” ಎಂಬ ವಾದವನ್ನು ಆಗಾಗ್ಗೆ ಕೇಳುವುದುಂಟು. ಇದು ತಪ್ಪು. ಜರ್ಮನಿಯ ಓಮ್ ಎಂಬ ವಿದ್ವಾಂಸನು ೧೮೨೭ರಲ್ಲಿ ಪ್ರಕಟಿಸಿದ ನಿಯಮದಂತೆ, ದಾರಿಯ ತಡೆಯಲ್ಲಿ ನಷ್ಟವಾಗುವ ವೋಲ್ಟುಗಳು ಪ್ರವಾಹವನ್ನೂ ತಡೆಯನ್ನೂ ಗುಣಿಸಿದಷ್ಟು. ಬ್ಯಾಟರಿಯ ಕೊಂಡಿಯಲ್ಲಿ ಕಿಲುಬು ಹಿಡಿದು ಓಮಿನ ನೂರರಲ್ಲೊಂದು ಪಾಲಿನಷ್ಟು ತಡೆಯುಂಟಾಗಿದೆಯೆಂದು ಭಾವಿಸೋಣ. ಮುಂದಿನ ದೀಪವೊಂದು ಎಳೆಯುವ ಪ್ರವಾಹವು ಸುಮಾರು ೫ ಆಂಪಿಯರು. ಅದಕ್ಕಾಗುವ ನಷ್ಟ ೦.೦೫ ವೋಲ್ಟು, ಅಂದರೆ ಕಣ್ಣಿಗೆ ಕಾಣದಷ್ಟು. ಸ್ಟಾರ್ಟರ್ ಮೋಟಾರು ೩೦೦ ಆಂಪಿಯರುಗಳನ್ನು ಬೇಡಿದರೆ ಅದೇ ಕಿಲುಬಿನಲ್ಲಿ ೩ ವೋಲ್ಟುಗಳು ಮಾಯವಾಗುವುವು. ದೀಪವು ಬೆಳಗಿದರೂ ಮೋಟಾರು ತಿರುಗದಿರುವ ರಹಸ್ಯವಿದು.

ಪರೀಕ್ಷೆಗೆ ಸಾಧಾರಣವಾದ ಒಂದು ವೋಲ್ಟ್ ಮೀಟರು ಸಾಕು. ರಾತ್ರಿಯೆಲ್ಲ ಸುಮ್ಮನಿದ್ದ ಒಳ್ಳೆಯ ಬ್ಯಾಟರಿಯು ಬೆಳಗ್ಗೆ ಸುಮಾರು ೧೨.೬ ವೋಲ್ಟನ್ನು ತೋರಿಸಬೇಕು. ೧೨ಕ್ಕೆ ಇಳಿದಿದ್ದರೆ ಮೊದಲು ಚಾರ್ಜು ಮಾಡಿಸತಕ್ಕದ್ದು. ಅನಂತರ ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಬ್ರೇಕನ್ನು ಬಿಗಿದು, ಇಂಧನವನ್ನು ನಿಲ್ಲಿಸುವ ಗುಂಡಿಯನ್ನು ಎಳೆದಿಟ್ಟು, ಇನ್ನೊಬ್ಬನಿಂದ ಕೀಲಿಯನ್ನು ತಿರುಗಿಸಿಸಬೇಕು. ಆಗ ಬ್ಯಾಟರಿಯ ವೋಲ್ಟು ೯.೫ಕ್ಕಿಂತ ಕೆಳಗೆ ಕುಸಿದರೆ ಸಂದೇಹವು ಬ್ಯಾಟರಿಯ ಮೇಲೆ. ಕುಸಿಯದೆ ಮೋಟಾರು ಮಾತ್ರ ನಿಧಾನವಾಗಿ ತಿರುಗಿದರೆ ಸಂದೇಹವು ದಾರಿಯ ಮೇಲೆ. ಮೀಟರಿನ ಒಂದು ಕಡ್ಡಿಯನ್ನು ಋಣಧ್ರುವದ ಸೀಸದ ಗೂಟಕ್ಕೂ, ಇನ್ನೊಂದನ್ನು ಇಂಜಿನಿನ ಬಣ್ಣವಿಲ್ಲದ ಲೋಹಕ್ಕೂ ಒತ್ತಿ ಹಿಡಿದು ಮತ್ತೆ ತಿರುಗಿಸಿದಾಗ, ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷವು ಆ ಎರಡರ ನಡುವೆ ಇದೆ. ಬಳಿಕ ಗೂಟದಿಂದ ಕೊಂಡಿಗೆ, ಕೊಂಡಿಯಿಂದ ಕೇಬಲಿಗೆ, ಕೇಬಲಿನಿಂದ ಇಂಜಿನಿಗೆ ಹೀಗೆ ತುಂಡುತುಂಡಾಗಿ ಅಳೆದರೆ ಕಳ್ಳನು ಸಿಕ್ಕಿಬೀಳುವನು. ಧನಧ್ರುವದ ಕಡೆಯಲ್ಲಿಯೂ ಸ್ಟಾರ್ಟರಿನವರೆಗೆ ಇದೇ ಕ್ರಮ.

ಕಿಲುಬನ್ನು ಬಿಸಿನೀರು ಮತ್ತು ಅಡಿಗೆಯ ಸೋಡಾದಿಂದ ತೊಳೆದು, ಲೋಹವು ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿದ ಮೇಲೆ ವ್ಯಾಸಲೀನನ್ನು ಸವರಬೇಕು. ಸೋಡಾದ ನೀರು ಬ್ಯಾಟರಿಯೊಳಕ್ಕೆ ಹೋಗಕೂಡದು. ಬಿಚ್ಚುವಾಗ ಋಣಧ್ರುವವು ಮೊದಲು, ಜೋಡಿಸುವಾಗ ಅದೇ ಕೊನೆ. ಇಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಎಂದಿಗೂ ಬಿಚ್ಚಬಾರದು. ಆಲ್ಟರ್ನೇಟರು ಒಮ್ಮೆಗೇ ಕೆಡುವುದು.

ಪದೇಪದೇ ಫ್ಯೂಸು ಸುಡುವುದು ಬೇರೆ ಬಗೆಯ ದೋಷ. ತಂತಿಯ ಹೊದಿಕೆಯು ಸವೆದು ತಾಮ್ರವು ಮೈಗೆ ತಾಗಿರುವುದು. ಸುಟ್ಟ ಫ್ಯೂಸನ್ನು ತೆಗೆದು ಆ ಜಾಗದಲ್ಲಿ ೧೨ ವೋಲ್ಟಿನ ಒಂದು ಬಲ್ಬನ್ನು ಜೋಡಿಸಿದರೆ, ದೋಷವಿರುವವರೆಗೆ ಅದು ಪ್ರಖರವಾಗಿ ಉರಿಯುವುದು. ಸ್ವಿಚ್ಚು ಆರಿರುವಾಗಲೇ ಉರಿದರೆ ದೋಷವು ಸ್ವಿಚ್ಚಿನ ಈಚೆಗೆ. ಸ್ವಿಚ್ಚು ಹಾಕಿದ ಮೇಲೆ ಮಾತ್ರ ಉರಿದರೆ ಆಚೆಗೆ. ತಂತಿಗಳನ್ನು ಒಂದೊಂದಾಗಿ ಅಲುಗಿಸುತ್ತ ಬಂದಾಗ ಬಲ್ಬು ಎಲ್ಲಿ ಮಿಣುಕುವುದೋ ಅಲ್ಲಿಯೇ ಗಾಯವಿರುವುದು. ಕಬ್ಬಿಣದ ತೂತಿನಲ್ಲಿ ತಂತಿ ನುಸುಳುವ ಜಾಗ, ಹೊಗೆಕೊಳವೆಯ ಸಮೀಪ, ಕೆಸರುಗದ್ದೆಯಲ್ಲಿ ನೆನೆಯುವ ಟ್ರೈಲರಿನ ಸಾಕೆಟ್ಟು, ಇವನ್ನು ಮೊದಲು ನೋಡತಕ್ಕದ್ದು. ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸಿದ ಯಂತ್ರದಲ್ಲಿ ಇಲಿಗಳ ಕೃತ್ಯವನ್ನೂ ಶಂಕಿಸಬೇಕು. ಫ್ಯೂಸಿಗೆ ಬದಲಾಗಿ ದಪ್ಪ ತಂತಿಯನ್ನೋ ಸಿಗರೇಟು ಪೊಟ್ಟಣದ ತಗಡನ್ನೋ ತುರುಕುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಕಣದಲ್ಲಿ ಹುಲ್ಲಿನ ನಡುವೆ ದುಡಿಯುವ ಯಂತ್ರಕ್ಕೆ ಇದು ಸರ್ವಥಾ ಸಲ್ಲದು. ಚಾಲಕರು ಹಾಡಿನ ಪೆಟ್ಟಿಗೆಗಳಿಗೂ ಬಣ್ಣದ ದೀಪಗಳಿಗೂ ಸಿಕ್ಕಿದ ತಂತಿಯಿಂದ ಪ್ರವಾಹವನ್ನು ಕದಿಯುವ ಅಭ್ಯಾಸವೂ ಈ ದೋಷಗಳಿಗೆ ತಾಯಿಬೇರು. ಅವು ಬೇಕೇಬೇಕಾದರೆ ಪ್ರತ್ಯೇಕ ಫ್ಯೂಸನ್ನಾದರೂ ಇಡಿಸಬೇಕು.

ಕೊನೆಯದಾಗಿ ಒಂದು ಅಪಾಯ. ಕೀಲಿಯಿಂದ ಚಾಲೂ ಆಗದಿದ್ದಾಗ ಕೆಲವರು ನೆಲದ ಮೇಲೆ ನಿಂತು, ಸ್ಟಾರ್ಟರಿನ ಎರಡು ತುದಿಗಳಿಗೆ ಸ್ಪ್ಯಾನರನ್ನು ಅಡ್ಡಲಾಗಿ ತಾಗಿಸುವರು. ಗೇರಿನಲ್ಲಿರುವ ಟ್ರಾಕ್ಟರು ಆಗ ಒಮ್ಮೆಗೇ ಮುನ್ನುಗ್ಗಿ, ಹಿಂದಿನ ಚಕ್ರದ ಮುಂದೆ ನಿಂತವನ ಮೇಲೆಯೇ ಹರಿಯುವುದು. ಗೇರಿನಲ್ಲಿರುವಾಗ ಚಾಲೂ ಆಗದಂತೆ ತಯಾರಕರು ಇಟ್ಟಿರುವ ಸ್ವಿಚ್ಚನ್ನು ಈ ಉಪಾಯವು ದಾಟಿಹೋಗುವುದರಿಂದಲೇ ಹೀಗಾಗುವುದು. ಆ ಸ್ವಿಚ್ಚು ಕೆಟ್ಟಿದ್ದರೆ ಹೊಸದನ್ನು ಹಾಕಿಸಬೇಕೇ ಹೊರತು ಅದರ ತಂತಿಗಳನ್ನು ಒಂದಕ್ಕೊಂದು ಹೊಸೆಯಕೂಡದು. ಇಂಧನವನ್ನು ಎಲೆಕ್ಟ್ರಾನಿಕ್ ಸಾಧನವು ನಿಯಂತ್ರಿಸುವ ಹೊಸ ಮಾದರಿಗಳಲ್ಲಿ, ಆ ಸಾಧನದ ತಂತಿಗಳಿಗೆ ಬಲ್ಬಿನ ಪರೀಕ್ಷೆಯನ್ನು ಮಾಡದೆ ನುರಿತವರಿಗೇ ಒಪ್ಪಿಸತಕ್ಕದ್ದು.