ಅಡಿಕೆ ಸಸಿಗಳ ನಡುವೆ ಬಾಳೆ: ಸೋತ ಬೇಸ್‌ಬಾಲ್ ತಂಡದ ಚಳಿಗಾಲದ ಲೆಕ್ಕಾಚಾರ

2012ರ ನವೆಂಬರ್. ಷಿಕಾಗೊ ಕಬ್ಸ್ ತಂಡ ಆ ವರ್ಷ ಆಡಿದ 162 ಪಂದ್ಯಗಳಲ್ಲಿ 101 ಸೋತಿತ್ತು. ತಂಡ ಕೊನೆಯ ಸಲ ಚಾಂಪಿಯನ್ ಆಗಿದ್ದು 1908ರಲ್ಲಿ. ಮುಂದಿನ ಋತುವಿಗೆ ಯಾವ ದೊಡ್ಡ ಆಟಗಾರ ಬರುತ್ತಾನೋ ಎಂದು ಕಾಯುತ್ತಿದ್ದ ಅಭಿಮಾನಿಗಳ ಕಿವಿಗೆ ಬಿದ್ದದ್ದು ಸ್ಕಾಟ್ ಫೆಲ್ಡ್‌ಮನ್ ಎಂಬ ಪಿಚರ್, ಅಂದರೆ ಚೆಂಡೆಸೆಯುವವನ ಹೆಸರು. ಒಂದೇ ವರ್ಷದ ಕರಾರು, 60 ಲಕ್ಷ ಡಾಲರ್. ಟೆಕ್ಸಸ್ ರೇಂಜರ್ಸ್ ಪರ ಆಗಷ್ಟೇ ಮುಗಿದ ಋತುವಿನಲ್ಲಿ ಅವರ ಲೆಕ್ಕದಲ್ಲಿ 6 ಗೆಲುವು, 11 ಸೋಲು. ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಐದಕ್ಕೂ ಹೆಚ್ಚು ರನ್ ಬಿಟ್ಟುಕೊಟ್ಟಿದ್ದರು.

ಇಂಥವರನ್ನು ತಂದರೆ ತಂಡ ಗೆದ್ದೀತೇ? ಯಾರಿಗಾದರೂ ಮೊದಲು ಬರುವ ಪ್ರಶ್ನೆ ಇದೇ. ಆದರೆ ತಂಡವನ್ನು ಬುಡದಿಂದ ಕಟ್ಟಲು ಹೊರಟವರ ಖರೀದಿಯನ್ನು ಈ ಒಂದು ಪ್ರಶ್ನೆಯಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಮಲೆನಾಡಿನಲ್ಲಿ ಹೊಸ ಅಡಿಕೆ ತೋಟ ಎಬ್ಬಿಸುವವರು ಸಸಿಗಳ ನಡುವೆ ಬಾಳೆ ಕಂದು ನೆಡುತ್ತಾರೆ. ಅಡಿಕೆ ಫಲ ಬಿಡಲು ಐದಾರು ವರ್ಷ ಬೇಕು. ಬಾಳೆ ವರ್ಷದೊಳಗೆ ಗೊನೆ ಹಾಕುತ್ತದೆ, ಎಳೆ ಸಸಿಗೆ ನೆರಳಾಗುತ್ತದೆ, ಆ ನಡುವಿನ ವರ್ಷಗಳಲ್ಲಿ ಮನೆ ಖರ್ಚಿಗೂ ಆಗುತ್ತದೆ. ಅಡಿಕೆ ಎದ್ದು ನಿಂತ ಮೇಲೆ ಬಾಳೆಯ ಕೆಲಸ ಮುಗಿಯಿತು. ಪುನರ್ನಿರ್ಮಾಣದ ಹಾದಿಯಲ್ಲಿರುವ ಬೇಸ್‌ಬಾಲ್ ತಂಡ ಚಳಿಗಾಲದಲ್ಲಿ ಮಾಡುವ ಹೆಚ್ಚಿನ ಕರಾರುಗಳು ಈ ಬಾಳೆಯ ಜಾತಿಯವು.

ಹರಾಜಿಲ್ಲದ ಸಂತೆ

ಐಪಿಎಲ್ ಹರಾಜು ನೋಡಿದವರಿಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಸಂತೆ ಬೇರೆಯೇ ಆಗಿ ಕಾಣುತ್ತದೆ. ಅಲ್ಲಿ ಸುತ್ತಿಗೆ ಬಡಿಯುವವರಿಲ್ಲ, ತಂಡದ ಜೇಬಿಗೆ ಕಡ್ಡಾಯದ ಮಿತಿಯೂ ಇಲ್ಲ. ಒಂದು ಮೊತ್ತ ದಾಟಿದ ತಂಡಗಳು ತೆರಿಗೆ ಕಟ್ಟಬೇಕು, ಅಷ್ಟೆ.

ಆಟಗಾರ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ಮುಗಿಸುವವರೆಗೆ ಅವನ ಮೇಲಿನ ಹಕ್ಕು ತಂಡದ್ದು. ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸಿನಲ್ಲಿ ಆಡುತ್ತಾನೆ. ಮುಂದಿನ ಮೂರು ವರ್ಷ ಸಂಬಳದ ಬಗ್ಗೆ ಒಮ್ಮತ ಮೂಡದಿದ್ದರೆ ಪಂಚಾಯಿತಿಯ ಮುಂದೆ ತೀರ್ಮಾನವಾಗುತ್ತದೆ. ಆರು ವರ್ಷ ಕಳೆದು, ಕರಾರೂ ಮುಗಿದರೆ ಅವನು ‘ಫ್ರೀ ಏಜೆಂಟ್’. ಯಾವ ತಂಡದ ಜೊತೆಗಾದರೂ ಮಾತಾಡಬಹುದು.

ನವೆಂಬರ್ ಆಸುಪಾಸಿನಲ್ಲಿ, ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಮುಗಿದು ಐದು ದಿನಕ್ಕೆ ಈ ಸಂತೆ ತೆರೆಯುತ್ತದೆ. ಡಿಸೆಂಬರ್‌ನಲ್ಲಿ ತಂಡಗಳ ಅಧಿಕಾರಿಗಳೂ ಏಜೆಂಟರೂ ಒಂದೆಡೆ ಸೇರುವ ‘ವಿಂಟರ್ ಮೀಟಿಂಗ್ಸ್’. ಫೆಬ್ರವರಿ ನಡುವೆ ಅರಿಜೋನಾ ಮತ್ತು ಫ್ಲಾರಿಡಾದಲ್ಲಿ ತರಬೇತಿ ಶಿಬಿರ ಶುರು. ಈ ಮೂರು ತಿಂಗಳು ಆಟವಿಲ್ಲ, ಸುದ್ದಿ ಮಾತ್ರ. ಹಾಗಾಗಿಯೇ ಒಂದೊಂದು ಕರಾರಿನ ಮೇಲೂ ಅಭಿಮಾನಿಗಳ ಜಗಳ ಜೋರು.

ಹಣವಿದ್ದರೂ ನೇರ ದಾರಿಯಿಲ್ಲ

ಸೋಲುತ್ತಿರುವ ತಂಡಕ್ಕೆ ಬೇಕಾದದ್ದು ಎಳೆಯ ಪ್ರತಿಭೆ. ಕಬ್ಸ್ ತಂಡದ ಬಳಿ ದುಡ್ಡಿತ್ತು. ಹಾಗಿದ್ದಮೇಲೆ ದುಡ್ಡು ಕೊಟ್ಟು ಅದನ್ನೇ ಕೊಳ್ಳಬಾರದೇಕೆ? ಈ ಗಂಟು ಅರ್ಥವಾದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ.

ಶಾಲೆ, ಕಾಲೇಜುಗಳಿಂದ ಬರುವ ಹುಡುಗರನ್ನು ತಂಡಗಳು ಹಂಚಿಕೊಳ್ಳುವುದು ಡ್ರಾಫ್ಟ್‌ನಲ್ಲಿ, ಸರದಿಯ ಪ್ರಕಾರ. ಬೇಸ್‌ಬಾಲ್‌ನಲ್ಲಿ ಈ ಸಾಮಾನ್ಯ ಸರದಿಯನ್ನು ಇನ್ನೊಂದು ತಂಡಕ್ಕೆ ಮಾರುವಂತಿಲ್ಲ. ಲೀಗ್ ಮತ್ತು ಆಟಗಾರರ ಸಂಘದ ನಡುವೆ 2012ರಲ್ಲಿ ಜಾರಿಗೆ ಬಂದ ಒಪ್ಪಂದ ಇನ್ನೊಂದು ಬಾಗಿಲನ್ನೂ ಮುಚ್ಚಿತು: ಡ್ರಾಫ್ಟ್ ಆದ ಹುಡುಗರಿಗೂ, ಲ್ಯಾಟಿನ್ ಅಮೆರಿಕದಿಂದ ಬರುವ ಕಿರಿಯರಿಗೂ ಕೊಡುವ ಹಣಕ್ಕೆ ಮಿತಿ ಬಿತ್ತು. ಮಿತಿ ಮೀರಿದರೆ ದಂಡ. ಡ್ರಾಫ್ಟ್‌ನಲ್ಲಿ ತೀರಾ ಮೀರಿದರೆ ಮುಂದಿನ ಸರದಿಯೇ ಹೋಗುತ್ತದೆ.

ಹೆಸರಾಂತ ಫ್ರೀ ಏಜೆಂಟನ್ನು ತರುವುದಕ್ಕೂ ಬೆಲೆ ಬೇರೆ ಇದೆ. ಹಳೆಯ ತಂಡ ಅವನಿಗೆ ‘ಕ್ವಾಲಿಫೈಯಿಂಗ್ ಆಫರ್’ ಎಂಬ ಒಂದು ವರ್ಷದ ದೊಡ್ಡ ಮೊತ್ತವನ್ನು ಮುಂದಿಟ್ಟು, ಅವನು ಬೇಡ ಎಂದಿದ್ದರೆ, ಕರೆದುಕೊಳ್ಳುವ ಹೊಸ ತಂಡ ಡ್ರಾಫ್ಟ್ ಸರದಿಯೊಂದನ್ನು ಕಳೆದುಕೊಳ್ಳಬಹುದು. ಸಸಿ ನೆಡಬೇಕಾದವರು ಸಸಿಯನ್ನೇ ಕೊಟ್ಟು ಮರ ತಂದಂತಾಗುತ್ತದೆ.

ಉಳಿದದ್ದು ಸುತ್ತಿನ ದಾರಿ. ದುಡ್ಡು ಕೊಟ್ಟು ಒಬ್ಬ ಅನುಭವಿಯನ್ನು ಒಂದು ವರ್ಷಕ್ಕೆ ತನ್ನಿ. ಏಪ್ರಿಲ್‌ನಿಂದ ಜೂನ್‌ವರೆಗೆ ಆಡಿಸಿ. ಜುಲೈನಲ್ಲಿ ಪ್ರಶಸ್ತಿಯ ಹಾದಿಯಲ್ಲಿರುವ ತಂಡಕ್ಕೆ ಪಿಚರ್ ಕೊರತೆ ಬಿದ್ದಾಗ ಅವನನ್ನು ಅಲ್ಲಿಗೆ ಕಳಿಸಿ, ಬದಲಿಗೆ ಅವರ ಎಳೆಯ ಆಟಗಾರನನ್ನು ಕೇಳಿ. ದುಡ್ಡು ನೇರವಾಗಿ ಪ್ರತಿಭೆಯಾಗಲಾರದು, ಒಬ್ಬ ಮನುಷ್ಯನ ಮೂಲಕ ಆಗಬಹುದು. ಆಟಗಾರನಿಗೆ ಒಂದಿಷ್ಟು ರಕ್ಷಣೆಯೂ ಇದೆ: ಚಳಿಗಾಲದಲ್ಲಿ ಹೊಸದಾಗಿ ಸೇರಿದ ಫ್ರೀ ಏಜೆಂಟನ್ನು ಅವನ ಒಪ್ಪಿಗೆಯಿಲ್ಲದೆ ಜೂನ್ 15ರವರೆಗೆ ಬೇರೆ ತಂಡಕ್ಕೆ ಕೊಡುವಂತಿಲ್ಲ.

ಸೋಲುವ ತಂಡಕ್ಕೆ ಆಟಗಾರ ಒಪ್ಪುವುದೇಕೆ? ಅವನಿಗೆ ಬೇಕಾದದ್ದು ಆಡುವ ಅವಕಾಶ. ಗಾಯದಿಂದ ಎದ್ದವನಿಗೆ, ಒಂದು ಋತು ಕೆಟ್ಟವನಿಗೆ ಗೆಲ್ಲುವ ತಂಡದಲ್ಲಿ ಜಾಗ ಖಾಲಿ ಇರುವುದಿಲ್ಲ. ಇಲ್ಲಿ ಐದು ದಿನಕ್ಕೊಮ್ಮೆ ಚೆಂಡು ಅವನ ಕೈಗೆ ಬರುವುದು ಖಾತ್ರಿ.

ಒಂದು ಗೊನೆಯ ಲೆಕ್ಕ

ಫೆಲ್ಡ್‌ಮನ್ ಟೆಕ್ಸಸ್‌ನಲ್ಲಿ ಒಮ್ಮೆ ಪಂದ್ಯ ಆರಂಭಿಸುವ ಪಿಚರ್, ಇನ್ನೊಮ್ಮೆ ನಡುವೆ ಇಳಿಯುವ ಪಿಚರ್ ಆಗಿ ಓಡಾಡಿದವರು. ಷಿಕಾಗೊದಲ್ಲಿ ಅವರಿಗೆ ಆರಂಭದ ಜಾಗ ಸಿಕ್ಕಿತು. 15 ಪಂದ್ಯ ಆರಂಭಿಸಿ 7 ಗೆದ್ದು 6 ಸೋತರು. ಒಂಬತ್ತು ಇನಿಂಗ್ಸ್‌ಗೆ ಕೊಡುತ್ತಿದ್ದ ರನ್ ಸರಾಸರಿ 3.46ಕ್ಕೆ ಇಳಿಯಿತು. 2013ರ ಜುಲೈ 2ರಂದು ಕಬ್ಸ್ ಅವರನ್ನೂ ಕ್ಯಾಚರ್ ಸ್ಟೀವ್ ಕ್ಲೆವೆಂಜರ್ ಅವರನ್ನೂ ಬಾಲ್ಟಿಮೋರ್ ಓರಿಯೋಲ್ಸ್‌ಗೆ ಕೊಟ್ಟು, ಜೇಕ್ ಅರಿಯೆಟಾ ಮತ್ತು ಪೆಡ್ರೊ ಸ್ಟ್ರೋಪ್ ಎಂಬ ಇಬ್ಬರು ಪಿಚರ್‌ಗಳನ್ನು ಪಡೆಯಿತು.

ಆ ದಿನ ಅರಿಯೆಟಾ ಅವರ ಸರಾಸರಿ 7.23. ತೋಳಿನಲ್ಲಿ ಕಸುವಿತ್ತು, ಹಿಡಿತವಿರಲಿಲ್ಲ. ಎರಡು ವರ್ಷ ಕಳೆದು 2015ರಲ್ಲಿ ಅದೇ ಅರಿಯೆಟಾ 22 ಗೆದ್ದು 6 ಸೋತರು, ಸರಾಸರಿ 1.77. ನ್ಯಾಷನಲ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿ ಅವರಿಗೆ ಬಂತು. ಸ್ಟ್ರೋಪ್ ವರ್ಷಗಟ್ಟಲೆ ಕೊನೆಯ ಇನಿಂಗ್ಸ್‌ಗಳಲ್ಲಿ ತಂಡಕ್ಕೆ ಆಸರೆಯಾದರು. ಫೆಲ್ಡ್‌ಮನ್ ಅವರಿಗೂ ನಷ್ಟವಾಗಲಿಲ್ಲ. ಆ ಚಳಿಗಾಲದಲ್ಲೇ ಹೂಸ್ಟನ್ ಆಸ್ಟ್ರೋಸ್ ಅವರಿಗೆ ಮೂರು ವರ್ಷಕ್ಕೆ 3 ಕೋಟಿ ಡಾಲರ್ ಕೊಟ್ಟಿತು.

2014ರಲ್ಲಿ ಇದೇ ದಾರಿ ಮತ್ತೊಮ್ಮೆ ಫಲಿಸಿತು. ಒಂದು ವರ್ಷಕ್ಕೆ 60 ಲಕ್ಷ ಡಾಲರ್‌ಗೆ ಬಂದ ಪಿಚರ್ ಜೇಸನ್ ಹ್ಯಾಮೆಲ್ ಅವರನ್ನು ಜುಲೈನಲ್ಲಿ ಜೆಫ್ ಸಮಾರ್ಜಾ ಜೊತೆಗೆ ಓಕ್‌ಲ್ಯಾಂಡ್‌ಗೆ ಕೊಟ್ಟಾಗ, ಬಂದವರಲ್ಲಿ ಮುಖ್ಯ ಹೆಸರು ಎಳೆಯ ಶಾರ್ಟ್‌ಸ್ಟಾಪ್ ಅಡಿಸನ್ ರಸೆಲ್. ಹ್ಯಾಮೆಲ್ ಆ ಚಳಿಗಾಲದಲ್ಲೇ ಮತ್ತೆ ಕಬ್ಸ್‌ಗೆ ಮರಳಿದರು.

ಕೈಕೊಟ್ಟ ಕರಾರುಗಳು

ನೆಟ್ಟ ಬಾಳೆಯೆಲ್ಲ ಗೊನೆ ಹಾಕುವುದಿಲ್ಲ. ಫೆಲ್ಡ್‌ಮನ್ ಬಂದ ಚಳಿಗಾಲದಲ್ಲೇ ಮೊಣಕೈ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಪಿಚರ್ ಸ್ಕಾಟ್ ಬೇಕರ್ ಅವರಿಗೆ ಕಬ್ಸ್ 55 ಲಕ್ಷ ಡಾಲರ್ ಕೊಟ್ಟಿತು. ಅವರು ಆಡಲು ಸಾಧ್ಯವಾದದ್ದು ಸೆಪ್ಟೆಂಬರ್‌ನ ಮೂರು ಪಂದ್ಯ ಮಾತ್ರ. ಅದಲುಬದಲಿನ ಜುಲೈ ಗಡುವು ಕಳೆದಿದ್ದರಿಂದ ಬದಲಿಗೆ ಯಾರನ್ನಾದರೂ ಪಡೆಯುವ ಮಾತೇ ಇರಲಿಲ್ಲ. ಆದರೆ ಕರಾರು ಒಂದೇ ವರ್ಷದ್ದಾದ್ದರಿಂದ ನಷ್ಟವೂ ಆ ವರ್ಷಕ್ಕೇ ಮುಗಿಯಿತು.

ದುಬಾರಿಯಾದದ್ದು ಪಿಚರ್ ಎಡ್ವಿನ್ ಜಾಕ್ಸನ್ ಕರಾರು: ನಾಲ್ಕು ವರ್ಷ, 5 ಕೋಟಿ 20 ಲಕ್ಷ ಡಾಲರ್. 2013ರಲ್ಲಿ ಅವರು 8 ಗೆದ್ದು 18 ಸೋತರು. ಮರುವರ್ಷ ಇನ್ನೂ ಕುಸಿದರು. 2015ರ ಜುಲೈನಲ್ಲಿ ತಂಡ ಅವರನ್ನು ಕೈಬಿಟ್ಟಿತು. ಬೇಸ್‌ಬಾಲ್‌ನಲ್ಲಿ ಇಂಥ ಕರಾರಿನ ಹಣ ಖಾತರಿ. ಮನೆಗೆ ಕಳಿಸಿದರೂ ಬಾಕಿ ಕಟ್ಟಲೇಬೇಕು. ತಂಡ ಗೆಲ್ಲಲು ತಯಾರಾಗುವ ಹೊತ್ತಿಗೆ ಆ ಆಟಗಾರನ ವಯಸ್ಸೆಷ್ಟು, ಆಗಲೂ ಅವನು ಇದೇ ಮಟ್ಟದಲ್ಲಿ ಇರುತ್ತಾನೆಯೇ ಎಂಬುದು ದೀರ್ಘ ಕರಾರಿನ ಮೊದಲ ಪ್ರಶ್ನೆ.

ಅಭಿಮಾನಿಗಳ ಮೂರು ವಾದ

ಇಂಥ ತಂಡದ ಅಭಿಮಾನಿಗಳು ಪ್ರತಿ ಚಳಿಗಾಲ ಮೂರು ಗುಂಪಾಗುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ.

ಮೊದಲ ಗುಂಪಿನದು ಹೊಟ್ಟೆಯ ಸಂಕಟ: ‘ಟಿಕೆಟ್‌ಗೆ ಪೂರ್ತಿ ದುಡ್ಡು ಕೊಡುತ್ತೇವೆ, ಅರ್ಧ ತಂಡ ತೋರಿಸುತ್ತೀರಿ. ದೊಡ್ಡವರನ್ನು ಈಗಲೇ ತನ್ನಿ.’ ಮಾತು ನ್ಯಾಯವಾದದ್ದೇ. ಕಬ್ಸ್ ತವರಿನ ಆಟಗಳಿಗೆ 2008ರಲ್ಲಿ 33 ಲಕ್ಷ ಪ್ರೇಕ್ಷಕರು ಬಂದಿದ್ದರು, 2013ರಲ್ಲಿ 26 ಲಕ್ಷ. ಆದರೆ ಒಬ್ಬ ತಾರೆ ಋತುವೊಂದಕ್ಕೆ ಐದಾರು ಗೆಲುವು ಹೆಚ್ಚಿಸಬಲ್ಲ. 61 ಗೆದ್ದ ತಂಡ ಅದರಿಂದ 67 ಗೆದ್ದೀತು, ಪ್ಲೇಆಫ್ ಇನ್ನೂ ದೂರವೇ. ಅದೇ ಐದಾರು ಗೆಲುವು 85ರ ತಂಡಕ್ಕೆ ಸಿಕ್ಕರೆ ಅದು ಪ್ಲೇಆಫ್ ಬಾಗಿಲಿಗೆ ಬರುತ್ತದೆ.

ಎರಡನೆಯ ಗುಂಪು ಹುಡುಗರ ಪರ: ‘ಹಳಬರನ್ನು ತಂದು ಎಳೆಯರ ದಾರಿಗೆ ಅಡ್ಡ ನಿಲ್ಲಿಸಬೇಡಿ.’ ಇದಕ್ಕೆ ಉತ್ತರ ಆಯಾ ಜಾಗದಲ್ಲಿದೆ. ಹುಡುಗ ಸಿದ್ಧನಿರುವ ಜಾಗಕ್ಕೆ ಹಳಬನನ್ನು ತಂದರೆ ತಪ್ಪು. ಸಿದ್ಧನಿಲ್ಲದ ಹುಡುಗನನ್ನು ಬಿಸಿಲಿಗೆ ನೂಕಿದರೂ ತಪ್ಪು. ನೆರಳು ಕೊಡುವುದೂ ಬಾಳೆಯ ಕೆಲಸ.

ಮೂರನೆಯ ಗುಂಪು ಕಟುವಾದ ಲೆಕ್ಕ ಹೇಳುತ್ತದೆ: ‘ಹೇಗೂ ಸೋಲುತ್ತೇವೆ, ಚೆನ್ನಾಗಿ ಸೋತರೆ ಡ್ರಾಫ್ಟ್‌ನಲ್ಲಿ ಮುಂಚಿನ ಸರದಿ.’ 2012ರ 101 ಸೋಲು ಕಬ್ಸ್‌ಗೆ 2013ರ ಡ್ರಾಫ್ಟ್‌ನಲ್ಲಿ ಎರಡನೆಯ ಸರದಿ ತಂದುಕೊಟ್ಟಿದ್ದು ನಿಜ. ಅದರಲ್ಲಿ ಆರಿಸಿದ್ದು ಕ್ರಿಸ್ ಬ್ರಯಂಟ್ ಅವರನ್ನು. ಆದರೆ ಆ ದಾರಿ ಈಗ ಕಿರಿದಾಗಿದೆ.

ಅದೇ ಊರಿನ ಇನ್ನೊಂದು ತಂಡ

ಷಿಕಾಗೊದ ದಕ್ಷಿಣ ಭಾಗದ ವೈಟ್ ಸಾಕ್ಸ್ 2024ರಲ್ಲಿ 121 ಪಂದ್ಯ ಸೋತಿತು. ಆಧುನಿಕ ಬೇಸ್‌ಬಾಲ್‌ನಲ್ಲಿ ಒಂದು ಋತುವಿಗೆ ಅದಕ್ಕಿಂತ ಹೆಚ್ಚು ಸೋಲಿಲ್ಲ. ಆದರೂ 2025ರ ಡ್ರಾಫ್ಟ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತನೆಯ ಸರದಿ. ಕಾರಣ, 2022ರ ಒಪ್ಪಂದ ಮೊದಲ ಆರು ಸರದಿಗಳಿಗೆ ಲಾಟರಿ ತಂದಿದೆ. ಆದಾಯ ಹಂಚಿಕೆಗೆ ಹಣ ಕೊಡುವ ಸಾಲಿನಲ್ಲಿರುವ ದೊಡ್ಡ ಊರಿನ ತಂಡ ಸತತ ಎರಡು ವರ್ಷ ಆ ಲಾಟರಿಯ ಫಲ ಪಡೆಯುವಂತಿಲ್ಲ.

2024ರ ಋತುವಿನ ಮುಂಚಿನ ಚಳಿಗಾಲದಲ್ಲಿ ವೈಟ್ ಸಾಕ್ಸ್ ಮಾಡಿದ ಒಳ್ಳೆಯ ಖರೀದಿ ಎರಿಕ್ ಫೆಡ್ಡಿ. ವಾಷಿಂಗ್ಟನ್ ಬಿಟ್ಟು ಕೊರಿಯಾ ಲೀಗ್‌ಗೆ ಹೋಗಿ, 2023ರಲ್ಲಿ ಅಲ್ಲಿನ ಅತ್ಯುತ್ತಮ ಆಟಗಾರನಾಗಿ ಮರಳಿದ ಪಿಚರ್. ಎರಡು ವರ್ಷಕ್ಕೆ 1 ಕೋಟಿ 50 ಲಕ್ಷ ಡಾಲರ್. ಅವರು ಚೆನ್ನಾಗಿ ಎಸೆದರು, ಜುಲೈನಲ್ಲಿ ಮೂರು ತಂಡಗಳ ಅದಲುಬದಲಿನಲ್ಲಿ ಸೇಂಟ್ ಲೂಯಿಸ್‌ಗೆ ಹೋದರು. ಹಿಡಿದ ದಾರಿ ಕಬ್ಸ್ ಹಿಡಿದದ್ದೇ. ಆದರೆ ಒಂದು ಗೊನೆ ಚೆನ್ನಾಗಿ ಬಂದ ಮಾತ್ರಕ್ಕೆ ತೋಟ ಆಗುವುದಿಲ್ಲ. ಕೆಳಗೆ ಅಡಿಕೆ ಸಸಿಯೂ, ನೀರು ಹಾಯಿಸುವ ಕೈಯೂ ಬೇಕು.

ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇಷ್ಟೇ. ಅಗ್ಗದ ಕರಾರು ತಾನಾಗಿಯೇ ಜಾಣತನವಲ್ಲ. ಉಳಿಸಿದ ದುಡ್ಡು ಹುಡುಗರನ್ನು ಹುಡುಕುವವರಿಗೆ, ತರಬೇತುದಾರರಿಗೆ ಹೋಗುತ್ತಿದೆಯೇ ಎಂದು ಕೇಳುವ ಹಕ್ಕು ಟಿಕೆಟ್ ಕೊಂಡವನಿಗಿದೆ. ಅರಿಯೆಟಾ ಬದಲಾದದ್ದು ಊರು ಬದಲಿಸಿದ್ದರಿಂದಷ್ಟೇ ಅಲ್ಲ. ಬಂದವನನ್ನು ತಿದ್ದಿ ಬೆಳೆಸುವ ತಾಳ್ಮೆ ಕಬ್ಸ್‌ಗಿತ್ತು.

ಮುಂದಿನ ಚಳಿಗಾಲಕ್ಕೆ ಐದು ಪ್ರಶ್ನೆ

ನಿಮ್ಮ ಮೆಚ್ಚಿನ ತಂಡ ಹೊಸಬನೊಬ್ಬನನ್ನು ತಂದ ಸುದ್ದಿ ಬಂದಾಗ ಇವನ್ನು ಕೇಳಿಕೊಳ್ಳಿ:

1. ಕರಾರು ಎಷ್ಟು ವರ್ಷದ್ದು? ತಂಡ ಗೆಲ್ಲಲು ಸಿದ್ಧವಾಗುವ ಮೊದಲೇ ಮುಗಿಯುತ್ತದೆಯೇ, ಆಮೇಲೂ ಉಳಿಯುತ್ತದೆಯೇ?

2. ಅವನನ್ನು ತಂದದ್ದಕ್ಕೆ ಡ್ರಾಫ್ಟ್ ಸರದಿ ಕಳೆದುಕೊಂಡರೇ?

3. ಅವನು ನಿಲ್ಲುವ ಜಾಗಕ್ಕೆ ಸಿದ್ಧನಾದ ಹುಡುಗ ಕಾಯುತ್ತಿದ್ದಾನೆಯೇ?

4. ಅವನ ಹಿಂದಿನ ಋತು ಕೆಟ್ಟದ್ದು ಗಾಯದಿಂದಲೋ, ಅವಕಾಶ ಸಿಗದೆಯೋ, ವಯಸ್ಸಿನಿಂದಲೋ? ಮೊದಲೆರಡು ರಿಪೇರಿಯಾಗಬಹುದು.

5. ಜುಲೈನಲ್ಲಿ ಅವನು ಯಾರಿಗೆ ಬೇಕಾಗಬಹುದು?

ತಂಡ ಬೆಳೆದ ಮೇಲೆ ಇದೇ ಪ್ರಶ್ನೆಗಳ ಉತ್ತರ ಬೇರೆಯಾಗುತ್ತದೆ. ಕಬ್ಸ್‌ನ ಆಗಿನ ಮುಖ್ಯಸ್ಥ ಥಿಯೋ ಎಪ್‌ಸ್ಟೀನ್ 2014ರ ಡಿಸೆಂಬರ್‌ನಲ್ಲಿ ಪಿಚರ್ ಜಾನ್ ಲೆಸ್ಟರ್ ಅವರಿಗೆ ಆರು ವರ್ಷಕ್ಕೆ 15 ಕೋಟಿ 50 ಲಕ್ಷ ಡಾಲರ್ ಕೊಟ್ಟರು. ಹುಡುಗರು ಬಾಗಿಲಿಗೆ ಬಂದಿದ್ದರು. ಲೆಸ್ಟರ್ ಋತುವಿನ ನಡುವೆ ತಂಡ ಬದಲಿಸಿದ್ದರಿಂದ ಡ್ರಾಫ್ಟ್ ಸರದಿಯ ದಂಡವೂ ಇರಲಿಲ್ಲ. ಮರುವರ್ಷ 97 ಗೆಲುವು, ಅದರ ಮುಂದಿನ ವರ್ಷ 103.

2016ರ ನವೆಂಬರ್ 2ರ ರಾತ್ರಿ, ಕ್ಲೀವ್‌ಲ್ಯಾಂಡ್‌ನಲ್ಲಿ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯ. ಹತ್ತನೆಯ ಇನಿಂಗ್ಸ್, ಕಬ್ಸ್ 8, ಕ್ಲೀವ್‌ಲ್ಯಾಂಡ್ 7. ಕೊನೆಯ ಚೆಂಡು ನೆಲದಲ್ಲಿ ಉರುಳಿ ಬಂದು ಬ್ರಯಂಟ್ ಕೈ ಸೇರಿತು. ಅವರು ಓಡುತ್ತಲೇ ನಗುತ್ತಾ ಮೊದಲ ಬೇಸ್‌ಗೆ ಎಸೆದರು. ಅಲ್ಲಿ ಹಿಡಿದ ಆಂಥನಿ ರಿಜೊ 2012ರ ಜನವರಿಯಲ್ಲಿ ಒಬ್ಬ ಪಿಚರ್‌ನನ್ನು ಕೊಟ್ಟು ತಂದವರು. ಹಿಂದಿನ ರಾತ್ರಿಯ ಗೆಲುವು ಅರಿಯೆಟಾ ಹೆಸರಿನಲ್ಲಿತ್ತು. ರಿಜೊ ಚೆಂಡನ್ನು ಹಿಂದಿನ ಜೇಬಿಗೆ ಸೇರಿಸಿದರು. 108 ವರ್ಷದ ಕಾಯುವಿಕೆ ಮುಗಿದಿತ್ತು.

ಆ ಸಂಭ್ರಮದಲ್ಲಿ ಫೆಲ್ಡ್‌ಮನ್ ಇರಲಿಲ್ಲ. ಅಡಿಕೆ ಕೊನೆ ಇಳಿಸುವ ಹೊತ್ತಿಗೆ ಬಾಳೆ ತೋಟದಲ್ಲಿ ಉಳಿದಿರುವುದಿಲ್ಲ. ನೆಟ್ಟವರಿಗೆ ಮಾತ್ರ ಅದು ಯಾವ ಸಾಲಿನಲ್ಲಿತ್ತು ಎಂಬುದು ನೆನಪಿರುತ್ತದೆ.