ಉಡಾವಣೆಯ ಹೊತ್ತನ್ನು ಕಕ್ಷೆಯೇ ಗೊತ್ತುಮಾಡುತ್ತದೆ

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ ಪ್ರಯೋಗವೊಂದು 2025ರಲ್ಲಿ ಬಾಹ್ಯಾಕಾಶಕ್ಕೆ ಹೋಯಿತು. ಹೆಸರುಕಾಳು ಮತ್ತು ಮೆಂತ್ಯ ಅಲ್ಲಿ ಹೇಗೆ ಮೊಳಕೆಯೊಡೆಯುತ್ತವೆ ಎಂಬುದನ್ನು ನೋಡಬೇಕಿತ್ತು. ಕಾಳುಗಳನ್ನು ಹೊತ್ತ ಆಕ್ಸಿಯಂ-4 ಯಾನದಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಇದ್ದರು.

ಯಾನ ಹಲವು ಸಲ ಮುಂದಕ್ಕೆ ಹೋಯಿತು. ನಮ್ಮ ಗಡಿಯಾರದಂತೆ ಜೂನ್ 10ಕ್ಕೆ ಗೊತ್ತಾಗಿದ್ದ ಹೊತ್ತು ಸಂಜೆ 5.52, ಮರುದಿನಕ್ಕೆ 5.30. ಕೊನೆಗೆ ಫ್ಲಾರಿಡಾದಿಂದ ರಾಕೆಟ್ ಹಾರಿದ್ದು ಜೂನ್ 25ರ ಮಧ್ಯಾಹ್ನ 12.01ಕ್ಕೆ. ಅಂದರೆ ದಿನವೊಂದಕ್ಕೆ ಹೆಚ್ಚುಕಡಿಮೆ 23 ನಿಮಿಷ ಮೊದಲು. ಏಕೆ?

ಯಾನ ತಲುಪಬೇಕಿದ್ದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ಓರೆಯಾಗಿದೆ. ಅದರಡಿಯಲ್ಲಿ ಭೂಮಿ ತಿರುಗುತ್ತಲೇ ಇರುತ್ತದೆ. ಉಡಾವಣಾ ಕಟ್ಟೆ ಸರಿಯಾಗಿ ಕಕ್ಷೆಯ ಸಮತಲಕ್ಕೆ ಬಂದಾಗಲೇ ರಾಕೆಟ್ ಏರಬೇಕು. ಹೊತ್ತು ತಪ್ಪಿ ಸಮತಲ ಒಂದೇ ಡಿಗ್ರಿ ಓರೆಯಾದರೂ, ಅದನ್ನು ಮೇಲೆ ಸರಿಪಡಿಸಲು ಸೆಕೆಂಡಿಗೆ ಸುಮಾರು 130 ಮೀಟರಿನಷ್ಟು ವೇಗ ಬದಲಾವಣೆ ಬೇಕು. ಅಷ್ಟು ಇಂಧನ ದುಬಾರಿ.

ನಕ್ಷತ್ರಗಳನ್ನು ಗುರುತಾಗಿಟ್ಟು ನೋಡಿದರೆ ಭೂಮಿಯ ಒಂದು ಸುತ್ತಿಗೆ 23 ಗಂಟೆ 56 ನಿಮಿಷ. ಇದರಿಂದ ದಿನಕ್ಕೆ 4 ನಿಮಿಷ ಮುಂಚೆ. ಭೂಮಿಯ ನಡು ಉಬ್ಬಿರುವುದರಿಂದ ಅದರ ಸೆಳೆತಕ್ಕೆ ಕಕ್ಷೆಯ ಸಮತಲ ದಿನವೂ ಸುಮಾರು 5 ಡಿಗ್ರಿ ಪಶ್ಚಿಮಕ್ಕೆ ಜಾರುತ್ತದೆ. ಅದರಿಂದ ಇನ್ನೂ 20 ನಿಮಿಷ. ಎರಡೂ ಕೂಡಿದರೆ ಸುಮಾರು 24 ನಿಮಿಷ.

ಸಮತಲ ಸಿಕ್ಕರೂ ನಿಲ್ದಾಣ ಅದೇ ಕಕ್ಷೆಯಲ್ಲಿ ಎಲ್ಲೋ ಮುಂದಿರುತ್ತದೆ. ಹಾಗೆಂದು ನೌಕೆ ನೇರವಾಗಿ ಅದರತ್ತ ಧಾವಿಸುವುದಿಲ್ಲ. ಕೆಳಗಿನ ಕಕ್ಷೆಯಲ್ಲಿ ಸುತ್ತುತ್ತದೆ. ಸುಮಾರು 200 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ 88 ನಿಮಿಷ ಸಾಕು, ನಿಲ್ದಾಣಕ್ಕೆ ಸುಮಾರು 93 ಬೇಕು. ಪ್ರತಿ ಸುತ್ತಿನಲ್ಲೂ ಅಂತರ ಕರಗುತ್ತದೆ. ನೌಕೆ ಹಂತಹಂತವಾಗಿ ಮೇಲೇರಿ ಸೇರುತ್ತದೆ. ಧಾರವಾಡದ ಕಾಳುಗಳಿದ್ದ ನೌಕೆಗೆ ಇದಕ್ಕೆ 28 ಗಂಟೆ ಹಿಡಿಯಿತು.

ಹೀಗೆ ಬಾಹ್ಯಾಕಾಶದಲ್ಲಿ ಸೇರುವುದನ್ನು ನಾವೂ ಮಾಡಿದ್ದೇವೆ: ಇಸ್ರೋದ ಎರಡು ಸ್ಪೇಡೆಕ್ಸ್ ಉಪಗ್ರಹಗಳು 2025ರ ಜನವರಿ 16ರಂದು ಜೋಡಣೆಯಾದವು. ಆದರೆ ಅವೆರಡೂ ಒಂದೇ ರಾಕೆಟ್‌ನಲ್ಲಿ ಹೋಗಿದ್ದರಿಂದ ಸಮತಲ ಹೊಂದಿಸುವ ಕಷ್ಟವಿರಲಿಲ್ಲ. 2035ರ ಹೊತ್ತಿಗೆ ನಮ್ಮದೇ ನಿಲ್ದಾಣ ಕಟ್ಟುವ ಗುರಿಯಿದೆ. ಆಗ ನೆಲದಿಂದ ಹೊರಡುವ ಪ್ರತಿ ನೌಕೆಗೂ ಈ ಲೆಕ್ಕವನ್ನು ನಾವೇ ಹಾಕಬೇಕು. ಹುಬ್ಬಳ್ಳಿ-ಧಾರವಾಡದ ಶಿಕ್ಷಕರು ಇದನ್ನು ಇಂದೇ ತರಗತಿಯಲ್ಲಿ ಮಕ್ಕಳಿಂದ ಮಾಡಿಸಲಿ. ಮೇಲಿನ ಮೂರು ದಿನಾಂಕಗಳು, ಮೂರು ಹೊತ್ತುಗಳೇ ಅದಕ್ಕೆ ಸಾಕು.